ಗೇಟು ಕಾಯುವವರ ಮೈಮೇಲೆ ಕೈ ಬಿದ್ದರೆ

2025ರ ಜುಲೈ, ಒಂದು ಶನಿವಾರ ರಾತ್ರಿ. ಮಡಿಕೇರಿಯಿಂದ ಸ್ವಲ್ಪ ದೂರದ ಒಂದು ರೆಸಾರ್ಟ್. ಗೇಟಿನಲ್ಲಿ ಡ್ಯೂಟಿಗೆ ಇದ್ದವರು ನಮ್ಮ ಪಕ್ಕದ ಮನೆಯ ಮಾವ. 17 ವರ್ಷ ಮಿಲಿಟರಿಯಲ್ಲಿದ್ದು ಪೆನ್ಷನ್ ಮೇಲೆ ಊರಿಗೆ ಬಂದವರು. ಈಗ ಐವತ್ತು ದಾಟಿದೆ. ಹನ್ನೊಂದು ಗಂಟೆ ಹೊತ್ತಿಗೆ ಒಂದು ಜೀಪು ಬಂತು. ಒಳಗೆ ಐದಾರು ಹುಡುಗರು. ಬುಕಿಂಗ್ ಇಲ್ಲ, ಊಟ ಸಿಗುತ್ತದಾ ನೋಡಿಕೊಂಡು ಹೋಗುತ್ತೇವೆ, ಗೇಟು ತೆಗೆಯಿರಿ ಅಂದರು. ಮಾವ ರೂಢಿಯಂತೆ ಮೊದಲು ಗಾಡಿ ನಂಬರನ್ನು ರಿಜಿಸ್ಟರ್‌ನಲ್ಲಿ ಬರೆದುಕೊಂಡು, ಹತ್ತರ ಮೇಲೆ ಬುಕಿಂಗ್ ಇಲ್ಲದವರನ್ನು ಬಿಡುವ ಹಾಗಿಲ್ಲ ಅಂದರು. ಇಬ್ಬರು ಇಳಿದರು. ಒಬ್ಬ ಕಾಲರ್ ಹಿಡಿದ, ಕೆನ್ನೆಗೆ ಹೊಡೆದ. ಇನ್ನೊಬ್ಬ ಗೇಟಿನ ಚಿಲಕ ಹಿಡಿದಿದ್ದ ಅವರ ಎಡಗೈ ಮೇಲೆ ಕಬ್ಬಿಣದ ಗೇಟನ್ನು ಜೋರಾಗಿ ಬಡಿದ. ಎರಡು ಸಲ. ಆಮೇಲೆ ಒಳಗೆ ನುಗ್ಗಿ ಒಂದು ಸುತ್ತು ಹಾಕಿ, ಬೈದು ಹೋದರು.

ಮಾವ ಏನು ಮಾಡಿದರು ಗೊತ್ತಾ? ಕೈಗೆ ಟವಲ್ ಸುತ್ತಿಕೊಂಡು ಬೆಳಗ್ಗೆ ಆರರವರೆಗೆ ಡ್ಯೂಟಿ ಮುಗಿಸಿದರು. ಭಾನುವಾರ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ. ಸೋಮವಾರ ಕೈ ಊದಿ ವಾಚ್ ಕಟ್ಟುವುದಕ್ಕೂ ಆಗದೇ ಇದ್ದಾಗ ಠಾಣೆಗೆ ಹೋದರು. ಅಲ್ಲಿ ಕೇಳಿದ ಮೊದಲ ಮಾತು, 'ಅಣ್ಣಾ, ಇದು ಎನ್‌ಸಿ ಆಗುತ್ತೆ ಅಷ್ಟೇ.'

ಆ ಎರಡಕ್ಷರದ ಅರ್ಥ ಏನು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವತ್ತಿನಿಂದ ಅವರ ಜೊತೆ ಓಡಾಡಿ, ವಕೀಲರನ್ನು ಕೇಳಿ, ಕಾಯ್ದೆ ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ರೆಸಾರ್ಟ್, ಹೋಂಸ್ಟೇ, ಬ್ಯಾಂಕು, ಆಸ್ಪತ್ರೆ, ಕಾಫಿ ತೋಟ, ಎಲ್ಲ ಕಡೆ ಗೇಟಿನಲ್ಲಿ ನಿಂತಿರುವವರು ನಮ್ಮ ಮನೆಯವರೇ ಅಲ್ವಾ. ಅವರಿಗೆ ಕಾನೂನಿನ ರಕ್ಷಣೆ ಇದೆ. ಆದರೆ ಅದು ಒಂದೇ ಕಾಯ್ದೆಯಲ್ಲಿ ಇಲ್ಲ. ನಾಲ್ಕೈದು ಕಡೆ ಚದುರಿಕೊಂಡಿದೆ, ಹುಡುಕಿಕೊಳ್ಳುವ ಕೆಲಸ ಏಟು ತಿಂದವರ ತಲೆ ಮೇಲೆ ಬಿದ್ದಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಸೆಕ್ಯುರಿಟಿಯವರಿಗೆ ಅಂತಲೇ 2005ರಲ್ಲಿ ಒಂದು ಕೇಂದ್ರ ಕಾಯ್ದೆ ಬಂದಿದೆ, ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಹೆಸರು ಕೇಳಿದರೆ ಗಾರ್ಡ್‌ಗಳನ್ನು ಕಾಪಾಡುವ ಕಾಯ್ದೆ ಅನ್ನಿಸುತ್ತದೆ. ಹಾಗಲ್ಲ. ಅದು ಏಜೆನ್ಸಿಗೆ ಲೈಸೆನ್ಸ್ ಬೇಕು, ಗಾರ್ಡ್‌ಗೆ 18ರಿಂದ 65ರೊಳಗೆ ವಯಸ್ಸಿರಬೇಕು, ಹಿನ್ನೆಲೆ ಪರಿಶೀಲನೆ ಆಗಬೇಕು, ತರಬೇತಿ ಕೊಡಬೇಕು ಅನ್ನುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಹೊಸಬರಿಗೆ 100 ಗಂಟೆ ಪಾಠ, 60 ಗಂಟೆ ಹೊರಗಿನ ತರಬೇತಿ. ಮಾಜಿ ಸೈನಿಕರಿಗೆ ಅದು 40 ಮತ್ತು 16 ಗಂಟೆ ಮಾತ್ರ. ಇಷ್ಟೆಲ್ಲ ಬರೆದ ಆ ಕಾಯ್ದೆಯಲ್ಲಿ ಗಾರ್ಡ್ ಮೇಲೆ ಕೈ ಮಾಡಿದವರಿಗೆ ಇಂಥ ಶಿಕ್ಷೆ ಅಂತ ಒಂದು ಸಾಲೂ ಇಲ್ಲ. ನನ್ನ ಪ್ರಕಾರ ಇದು ದೊಡ್ಡ ಕೊರತೆ. ಮಳೆಯಲ್ಲಿ, ಕತ್ತಲಲ್ಲಿ, ಕುಡಿದು ಬರುವವರ ಎದುರು ಒಬ್ಬರೇ ನಿಲ್ಲುವ ಕೆಲಸಕ್ಕೆ ಅರ್ಹತೆ ಏನು ಅಂತ ಬರೆದವರು ರಕ್ಷಣೆ ಏನು ಅಂತಲೂ ಬರೆಯಬೇಕಿತ್ತು.

ಆ ಕಾಯ್ದೆಯಲ್ಲಿ ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಚಳಿ, ಮಳೆ ಅಂತ ಎಷ್ಟೋ ಜನ ಹಳೆಯ ಮಿಲಿಟರಿ ಜಾಕೆಟ್ ಹಾಕಿಕೊಂಡೇ ಗೇಟಿನಲ್ಲಿ ಕೂರುತ್ತಾರೆ. ಏಜೆನ್ಸಿ ಗಾರ್ಡ್ ಸೇನೆ ಅಥವಾ ಪೊಲೀಸ್ ಸಮವಸ್ತ್ರದ ಹಾಗೆ ಕಾಣುವ ಬಟ್ಟೆ ಹಾಕಿದರೆ 21ನೇ ಕಲಂ ಪ್ರಕಾರ ಅವರಿಗೂ ಏಜೆನ್ಸಿ ಮಾಲೀಕರಿಗೂ 1 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಆಗಬಹುದು. ಹೊಡೆದವರ ಕಡೆಯ ವಕೀಲರು ಇಂಥದ್ದನ್ನೇ ಹುಡುಕುತ್ತಾರೆ.

ಹಾಗಾದರೆ ಹೊಡೆತಕ್ಕೆ ಯಾವ ಕಾನೂನು? ಎಲ್ಲರಿಗೂ ಇರುವ ಸಾಮಾನ್ಯ ಕಾನೂನೇ. 2024ರ ಜುಲೈ 1ರಿಂದ ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಠಾಣೆಯಲ್ಲಿ ಬಿಎನ್‌ಎಸ್ ಅನ್ನುತ್ತಾರೆ. ಇಲ್ಲಿ ಹೊಡೆತದ ತೂಕ ಗಾಯದ ಮೇಲೆ ನಿಂತಿದೆ. ಸಾಧಾರಣ ಗಾಯಕ್ಕೆ 115ನೇ ಕಲಂ, 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತೀವ್ರ ಗಾಯಕ್ಕೆ 117ನೇ ಕಲಂ, 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕತ್ತಿ, ಬಂದೂಕು, ಬೆಂಕಿ ಇಂಥದ್ದರಿಂದ ಗಾಯ ಮಾಡಿದರೆ, ಗಾಯ ಸಣ್ಣದಿದ್ದರೂ 118ನೇ ಕಲಂ ಬರುತ್ತದೆ, 3 ವರ್ಷದವರೆಗೆ ಜೈಲು. ಕೊಲ್ಲುತ್ತೇನೆ ಅಂತ ಬೆದರಿಸಿದರೆ 351ನೇ ಕಲಂ.

ಈಗ ಆ ಎನ್‌ಸಿ ವಿಷಯ. ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತಾವೇ ಎಫ್‌ಐಆರ್ ಹಾಕಿ ತನಿಖೆ ಶುರು ಮಾಡಬಹುದಾದ ಅಪರಾಧಗಳು ಕಾಗ್ನಿಜಬಲ್. ಹಾಗೆ ಮಾಡಲು ಆಗದ ಅಪರಾಧಗಳು ನಾನ್ ಕಾಗ್ನಿಜಬಲ್, ಅದೇ ಎನ್‌ಸಿ. ಸಾಧಾರಣ ಗಾಯದ 115 ಎನ್‌ಸಿ ಪಟ್ಟಿಯಲ್ಲಿದೆ. ಅಂದರೆ ಕೆನ್ನೆಗೆ ಹೊಡೆದರು ಅಂತಷ್ಟೇ ದೂರು ಕೊಟ್ಟರೆ ಪೊಲೀಸರು ಪುಸ್ತಕದಲ್ಲಿ ಬರೆದುಕೊಂಡು ಒಂದು ಹಿಂಬರಹ ಕೊಡುತ್ತಾರೆ, ಮ್ಯಾಜಿಸ್ಟ್ರೇಟ್ ಹತ್ತಿರ ಅನುಮತಿ ಬಂದರೆ ಮಾತ್ರ ತನಿಖೆ. ಠಾಣೆಯವರು ಮಾವನಿಗೆ ಸುಳ್ಳು ಹೇಳಿರಲಿಲ್ಲ. ಅವರ ಎದುರಿಗಿದ್ದ ದೂರಿನಲ್ಲಿ 'ಕೆನ್ನೆಗೆ ಹೊಡೆದರು, ಕೈಗೆ ನೋವಾಗಿದೆ' ಅಂತ ಅಷ್ಟೇ ಇತ್ತು.

ಎಲ್ಲ ಬದಲಾಗಿದ್ದು ಮಂಗಳವಾರ ತೆಗೆಸಿದ ಎಕ್ಸ್‌ರೇಯಿಂದ. ಮಣಿಕಟ್ಟಿನ ಹತ್ತಿರ ಮೂಳೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅದನ್ನು ಬೆಳಕಿಗೆ ಹಿಡಿದು ಡಾಕ್ಟರ್ ಬೆರಳಿಟ್ಟು ತೋರಿಸದೇ ಇದ್ದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಆದರೆ ಕಾನೂನಿಗೆ ಅಷ್ಟು ಸಾಕು. ತೀವ್ರ ಗಾಯ ಅಂದರೆ ಏನು ಅಂತ 116ನೇ ಕಲಂನಲ್ಲಿ ಪಟ್ಟಿ ಇದೆ. ಮೂಳೆ ಅಥವಾ ಹಲ್ಲು ಮುರಿಯುವುದು, ಕೀಲು ತಪ್ಪುವುದು ಅದರಲ್ಲಿ ಸೇರಿದೆ. ಪೂರ್ತಿ ಎರಡು ತುಂಡಾಗಬೇಕಿಲ್ಲ, ಬಿರುಕು ಬಿಟ್ಟರೂ ಮುರಿತವೇ ಅಂತ ಸುಪ್ರೀಂ ಕೋರ್ಟ್ ಹೋರಿ ಲಾಲ್ ಪ್ರಕರಣದಲ್ಲಿ ಬಹಳ ಹಿಂದೆಯೇ ಹೇಳಿದೆ. ಮೂಳೆ ಮುರಿಯದಿದ್ದರೂ 15 ದಿನ ತೀವ್ರ ನೋವಿದ್ದರೆ, ಅಥವಾ ದಿನನಿತ್ಯದ ಕೆಲಸ ಮಾಡಲು ಆಗದಿದ್ದರೆ, ಅದೂ ತೀವ್ರ ಗಾಯವೇ. ಹಳೆಯ ಐಪಿಸಿಯಲ್ಲಿ ಇದು 20 ದಿನ ಇತ್ತು. 117 ಕಾಗ್ನಿಜಬಲ್. ಹೀಗಾಗಿ ಒಂದು ಎಕ್ಸ್‌ರೇ ಫಿಲಂ ಪುಸ್ತಕದ ಒಂದು ಸಾಲನ್ನು ಎಫ್‌ಐಆರ್ ಮಾಡಿತು.

ಇನ್ನೊಂದು ವಿಷಯ ವಕೀಲರು ಹೇಳಿದ ಮೇಲೆ ತಿಳಿಯಿತು, ಇದು ಎಲ್ಲರಿಗೂ ಗೊತ್ತಿರಬೇಕು. ಒಂದೇ ಘಟನೆಯಲ್ಲಿ ಹಲವು ಅಪರಾಧ ಇದ್ದು, ಅದರಲ್ಲಿ ಒಂದು ಕಾಗ್ನಿಜಬಲ್ ಆಗಿದ್ದರೂ ಸಾಕು, ಇಡೀ ಪ್ರಕರಣವನ್ನು ಕಾಗ್ನಿಜಬಲ್ ಅಂತಲೇ ನೋಡಬೇಕು. ಬಿಎನ್‌ಎಸ್‌ಎಸ್ ಅನ್ನುವ ಹೊಸ ದಂಡ ಪ್ರಕ್ರಿಯೆ ಕಾನೂನಿನ 174ನೇ ಕಲಂನಲ್ಲಿ ಇದು ಇದೆ. ಒಬ್ಬರನ್ನು ಹೋಗಬೇಕಾದ ಕಡೆ ಹೋಗದಂತೆ ಅಡ್ಡಗಟ್ಟುವುದು 126ನೇ ಕಲಂ. ಶಿಕ್ಷೆ 1 ತಿಂಗಳಷ್ಟೇ, ಆದರೆ ಅದು ಕಾಗ್ನಿಜಬಲ್. ಬೆದರಿಸುವ, ಅವಮಾನ ಮಾಡುವ ಉದ್ದೇಶದಿಂದ ಬೇರೆಯವರ ಜಾಗಕ್ಕೆ ನುಗ್ಗುವುದು 329ನೇ ಕಲಂ, ಅದೂ ಕಾಗ್ನಿಜಬಲ್. ಗೇಟಿನಲ್ಲಿ ನಡೆಯುವ ಜಗಳಗಳಲ್ಲಿ ಈ ಎರಡರಲ್ಲಿ ಒಂದು ಬಹಳ ಸಲ ಇದ್ದೇ ಇರುತ್ತದೆ. ಆದರೆ ಏಟು ತಿಂದವರು ನೋವಿನಲ್ಲಿ ನೋವಿನ ಬಗ್ಗೆ ಮಾತ್ರ ಹೇಳುತ್ತಾರೆ. ಸುಮ್ನೆ ಹೊಡೆದರು ಅನ್ನಬೇಡಿ. ಯಾರು ಮೊದಲು ಇಳಿದರು, ಏನು ಅಂದರು, ಯಾವ ಕೈಯಿಂದ ಎಲ್ಲಿ ಹಿಡಿದರು, ಗೇಟು ಹೇಗೆ ತೆರೆಯಿತು, ಒಳಗೆ ಎಲ್ಲಿಯವರೆಗೆ ಹೋದರು, ಎಷ್ಟು ಜನ, ಎಷ್ಟು ಹೊತ್ತು, ಎಲ್ಲ ನಡೆದ ಹಾಗೆ ಬರೆಯಿರಿ. ಇಲ್ಲದ್ದನ್ನು ಸೇರಿಸಲೇಬೇಡಿ. ಒಂದು ಸುಳ್ಳು ಸಿಕ್ಕಿದರೆ ಉಳಿದ ನಿಜವೂ ಹೋಗುತ್ತದೆ. ಮಾವನ ಎರಡನೇ ದೂರು ಮೂರು ಪುಟ ಇತ್ತು, ಅದರಲ್ಲಿ ಉತ್ಪ್ರೇಕ್ಷೆ ಒಂದೂ ಇರಲಿಲ್ಲ.

ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಸಿಗಬೇಕು. ಠಾಣೆಯವರು ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆ ಮೂಲಕ ಎಸ್‌ಪಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಬಿಎನ್‌ಎಸ್‌ಎಸ್ 173ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿಂದ ಬೆಂಗಳೂರಿಗೆ, ಮೈಸೂರಿಗೆ ಗಾರ್ಡ್ ಕೆಲಸಕ್ಕೆ ಹೋದವರೂ ಇದ್ದಾರೆ. ಅಲ್ಲಿ ಪೆಟ್ಟು ತಿಂದು ಊರಿಗೆ ಬಂದಿದ್ದರೆ ಇಲ್ಲಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ಕೊಡಬಹುದು, ಅದು ಅಲ್ಲಿನ ಠಾಣೆಗೆ ಹೋಗುತ್ತದೆ. ಫೋನಿನಿಂದ, ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ದೂರು ಕೊಟ್ಟವರಿಗೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತಿಳಿಸಬೇಕು ಅಂತಲೂ ಹೊಸ ಕಾನೂನಿನಲ್ಲಿದೆ. ಕೇಳುವುದಕ್ಕೆ ಮುಜುಗರ ಬೇಡ.

ಇನ್ನು ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವ ವಿಷಯಕ್ಕೆ ಬರುತ್ತೇನೆ. 'ಕರ್ತವ್ಯಕ್ಕೆ ಅಡ್ಡಿ' ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಡ್ಯೂಟಿಯಲ್ಲಿದ್ದ ಸೆಕ್ಯುರಿಟಿಗೆ ಹೊಡೆದರೆ ಆ ಕೇಸು ಹಾಕಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಆ ಕಲಂ ಈಗ 132. ಸರ್ಕಾರಿ ಸೇವಕರ ಕೆಲಸ ತಡೆಯಲು ಬಲ ಪ್ರಯೋಗ ಮಾಡಿದರೆ 2 ವರ್ಷದವರೆಗೆ ಜೈಲು. ಗಾಯ ಆದರೆ 121ನೇ ಕಲಂ, 5 ವರ್ಷದವರೆಗೆ. ತೀವ್ರ ಗಾಯ ಆದರೆ ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ. ಜಾಮೀನೂ ಸುಲಭವಲ್ಲ. ಆದರೆ ಇದು ಸಿಗುವುದು ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಸೇವಕ ಅನ್ನಿಸಿಕೊಂಡವರಿಗೆ ಮಾತ್ರ.

ಯೂನಿಫಾರ್ಮ್ ನೋಡಿ ಇದು ತೀರ್ಮಾನ ಆಗುವುದಿಲ್ಲ. ಸಂಬಳ ಯಾರು ಕೊಡುತ್ತಾರೆ, ಯಾರ ಸೇವೆಯಲ್ಲಿದ್ದಾರೆ ಅನ್ನುವುದರ ಮೇಲೆ ಆಗುತ್ತದೆ. ದಸರಾದಲ್ಲಿ ದಶಮಂಟಪದ ರಾತ್ರಿ ಮಡಿಕೇರಿ ರಸ್ತೆಯಲ್ಲಿ ಹಗ್ಗ ಹಿಡಿದು ನಿಲ್ಲುವ ಹೋಂಗಾರ್ಡ್ ಸಾರ್ವಜನಿಕ ಸೇವಕರು, ರಾಜ್ಯದ ಗೃಹರಕ್ಷಕ ದಳದ ಕಾಯ್ದೆಯೇ ಹಾಗೆ ಹೇಳುತ್ತದೆ. ನಾಗರಹೊಳೆಯ ಫಾರೆಸ್ಟ್ ಗಾರ್ಡ್ ಕೂಡ ಹೌದು. ಗ್ರಾಮ ಪಂಚಾಯಿತಿ ತಾನೇ ಸಂಬಳ ಕೊಟ್ಟು ಜಲಪಾತದ ಹತ್ತಿರ ಪಾರ್ಕಿಂಗ್ ನೋಡಿಕೊಳ್ಳಲು ಇಟ್ಟವರೂ ಬರುತ್ತಾರೆ, ಏಕೆಂದರೆ ಸ್ಥಳೀಯ ಸಂಸ್ಥೆಯ ಸಂಬಳದಲ್ಲಿ ಇರುವವರು ಅಂತ ವ್ಯಾಖ್ಯೆಯಲ್ಲೇ ಇದೆ. ರಾಷ್ಟ್ರೀಕೃತ ಬ್ಯಾಂಕು ನೇರವಾಗಿ ನೇಮಿಸಿಕೊಂಡ ಗಾರ್ಡ್‌ಗೂ ಅದೇ ಮಾತು, ಆ ಬ್ಯಾಂಕುಗಳು ಕಾಯ್ದೆಯಿಂದ ಹುಟ್ಟಿದ ನಿಗಮಗಳು. ಅದೇ ಬ್ಯಾಂಕಿನ ಪಕ್ಕದ ಎಟಿಎಂನಲ್ಲಿ ಏಜೆನ್ಸಿ ಮೂಲಕ ಬಂದು ಕೂತವರ ವಿಷಯ ಬೇರೆ, ಅವರ ಸಂಬಳ ಏಜೆನ್ಸಿಯದ್ದು. ಸರ್ಕಾರಿ ಆಸ್ಪತ್ರೆಯ ಹೊರಗುತ್ತಿಗೆ ಗಾರ್ಡ್ ಕೂಡ ಇದೇ ಸಂಕಟದಲ್ಲಿದ್ದಾರೆ. ಒಂದೇ ಬಾಗಿಲು, ಒಂದೇ ಕೆಲಸ, ಒಂದೇ ಥರದ ಏಟು, ಆದರೆ ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ ಅಲ್ಲ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಆಸ್ಪತ್ರೆ ಮಾತು ಬಂದಿದ್ದರಿಂದ ಹೇಳುತ್ತೇನೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು 2009ರ ಕಾಯ್ದೆ ಇದೆ. ಅದನ್ನು ಬರೆದದ್ದು ಡಾಕ್ಟರ್, ನರ್ಸ್, ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿ, ಪ್ಯಾರಾಮೆಡಿಕಲ್ ನೌಕರರನ್ನು ಮನಸ್ಸಿನಲ್ಲಿಟ್ಟುಕೊಂಡು. ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ಕಣ್ಣೂರು ಕಡೆ ಇಳಿದರೆ ಕಥೆ ಬೇರೆ. ಕೇರಳ 2023ರಲ್ಲಿ ತನ್ನ ಕಾಯ್ದೆ ತಿದ್ದಿ ಆಸ್ಪತ್ರೆಯ ಸೆಕ್ಯುರಿಟಿ ಗಾರ್ಡ್, ಆಂಬುಲೆನ್ಸ್ ಚಾಲಕ, ಸಹಾಯಕರನ್ನೂ ಹೆಸರು ಹಿಡಿದು ಸೇರಿಸಿತು. ಹಲ್ಲೆಗೆ 6 ತಿಂಗಳಿಂದ 5 ವರ್ಷ ಜೈಲು, ತೀವ್ರ ಗಾಯಕ್ಕೆ 1ರಿಂದ 7 ವರ್ಷ, ಒಂದು ಗಂಟೆಯೊಳಗೆ ಎಫ್‌ಐಆರ್, 60 ದಿನದಲ್ಲಿ ತನಿಖೆ. ಗಡಿಯ ಆ ಕಡೆ ಸಾಧ್ಯವಾಗಿದ್ದು ಈ ಕಡೆ ಯಾಕೆ ಆಗಬಾರದು? ನಮ್ಮ ಶಾಸಕರ ಹತ್ತಿರ ಕೇಳಬೇಕಾದ ಪ್ರಶ್ನೆ ಇದು.

ತೋಟದ ವಾಚ್‌ಮನ್‌ಗಳ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಕಣ ಕಾಯುವವರು, ಮೆಣಸು ಕಾಯುವವರು ಹಲವು ಕಡೆ ಯರವ, ಜೇನುಕುರುಬ ಸಮುದಾಯದವರು. ಅವರ ಮೇಲೆ ಕೈ ಮಾಡಿದರೆ, ಜಾತಿ ಹಿಡಿದು ಬೈದರೆ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಅಲ್ಲಿ ಎನ್‌ಸಿ ಅನ್ನುವ ಮಾತೇ ಇಲ್ಲ. ತನಿಖೆ ಡಿವೈಎಸ್‌ಪಿ ಮಟ್ಟದ ಅಧಿಕಾರಿ ಮಾಡಬೇಕು, ಆರೋಪಿಗೆ ನಿರೀಕ್ಷಣಾ ಜಾಮೀನಿಗೆ ಕಾಯ್ದೆಯೇ ತಡೆ ಹಾಕಿದೆ, ಸರ್ಕಾರದಿಂದ ಪರಿಹಾರದ ಹಣವೂ ಹಂತ ಹಂತವಾಗಿ ಸಿಗುತ್ತದೆ. ಬೈದಾಗ ಪಕ್ಕದಲ್ಲಿ ಯಾರಿದ್ದರು ಅನ್ನುವುದು ಇಲ್ಲಿ ಬಹಳ ಮುಖ್ಯ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನ ಆಗಿರಬೇಕು ಅಂತ ಕಾನೂನು ಕೇಳುತ್ತದೆ. ಓದು ಬಾರದವರಾದರೆ ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಓದಿ ಹೇಳದೆ ಹೆಬ್ಬೆಟ್ಟು ಕೊಡಬೇಡಿ ಅಂತ ಅವರಿಗೆ ಹೇಳಿಕೊಡುವುದು ನಮ್ಮ ಕೆಲಸ.

ಗಾರ್ಡ್ ಹೆಂಗಸರಾಗಿದ್ದರೆ 74, 75, 79ನೇ ಕಲಂಗಳು ಬೇರೆ ಇವೆ. ಕಿರುಕುಳ ಕೊಟ್ಟವರು ಹೊರಗಿನ ಗಿರಾಕಿಯೇ ಆದರೂ, ದೂರು ಕೊಡಲು ನೆರವಾಗಬೇಕಾದ ಹೊಣೆ 2013ರ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸ ಕೊಟ್ಟವರ ಮೇಲಿದೆ.

ತಿರುಗಿ ಹೊಡೆಯಬಹುದಾ? ಮಾವ ಎಲ್ಲಕ್ಕಿಂತ ಮೊದಲು ಕೇಳಿದ್ದು ಇದನ್ನೇ. 'ನನಗೆ ಆಗುತ್ತಿರಲಿಲ್ಲ ಅಂತಲ್ಲ, ಕೆಲಸ ಹೋಗುತ್ತದೆ, ಪೆನ್ಷನ್‌ಗೆ ತೊಂದರೆ ಆಗುತ್ತದೆ ಅಂತ ಸುಮ್ಮನಿದ್ದೆ' ಅಂದರು. ಅದನ್ನು ಹೇಳುವಾಗ ಬಲಗೈಯಲ್ಲಿ ಪ್ಲಾಸ್ಟರ್ ಹಾಕಿದ ಎಡಗೈಯನ್ನು ಹಿಡಿದುಕೊಂಡಿದ್ದರು. ಕಾನೂನು ಹೇಳುವುದು ಹೀಗೆ. ಬಿಎನ್‌ಎಸ್ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯವು. ತನ್ನ ಮೈ, ಬೇರೆಯವರ ಮೈ, ತನ್ನ ಅಥವಾ ಬೇರೆಯವರ ಆಸ್ತಿ, ಎಲ್ಲವನ್ನೂ ಕಾಪಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದರೆ ತಡೆಯಲು ಎಷ್ಟು ಬೇಕೋ ಅಷ್ಟೇ. ಕೈ ಹಿಡಿದವನನ್ನು ತಳ್ಳಬಹುದು, ಬೀಸಿ ಬಂದ ಏಟನ್ನು ಲಾಠಿಯಿಂದ ತಡೆಯಬಹುದು. ಅವನು ಬೆನ್ನು ತಿರುಗಿಸಿ ಓಡುವಾಗ ಹಿಂದಿನಿಂದ ಬಾರಿಸಿದರೆ ಅದು ರಕ್ಷಣೆ ಅಲ್ಲ, ಸೇಡು. ಅಲ್ಲಿಂದಲೇ ಕೌಂಟರ್ ಕೇಸು ಹುಟ್ಟುತ್ತದೆ. ಆಮೇಲೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಕೊಳ್ಳಿ ಅನ್ನುತ್ತಾರೆ, ಏಟು ತಿಂದವರೇ ಕೊನೆಗೆ ಕೈ ಮುಗಿದು ಬರುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಕೋವಿ ಮಾತನ್ನೂ ಹೇಳಬೇಕು. ಕೊಡವರಿಗೆ ಮತ್ತು ಜಮ್ಮಾ ಅನ್ನುವ ಹಳೆಯ ಪದ್ಧತಿಯ ಭೂಮಿ ಹಿಡುವಳಿದಾರರಿಗೆ ಶಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲು. ಸಂಬಳದ ಡ್ಯೂಟಿಗೆ ಹೊತ್ತುಕೊಂಡು ಬಂದು ಪ್ರವಾಸಿಗರಿಗೆ ತೋರಿಸಲು ಅಲ್ಲ. ಆತ್ಮರಕ್ಷಣೆಯ ಗೆರೆ ಕೋವಿ ಇದ್ದವರಿಗೂ ಇಲ್ಲದವರಿಗೂ ಒಂದೇ. ತೋಟದ ಮಾಲೀಕರು 'ಹೇಗೂ ನಿಮ್ಮ ಹತ್ತಿರ ಇದೆಯಲ್ಲ, ತನ್ನಿ' ಅಂದರೂ ಒಪ್ಪಬೇಡಿ.

ಹಿಡಿದು ಕೂಡಿಹಾಕುವ ವಿಷಯದಲ್ಲೂ ಜಾಗ್ರತೆ ಬೇಕು. ಕಣ್ಣೆದುರು ಗಂಭೀರ ಅಪರಾಧ, ಅಂದರೆ ಕಾಗ್ನಿಜಬಲ್ ಮತ್ತು ಜಾಮೀನು ಸಿಗದ ಅಪರಾಧ ನಡೆದರೆ ಸಾಮಾನ್ಯರೂ ಹಿಡಿಯಬಹುದು, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕೆನ್ನೆಗೆ ಹೊಡೆದವನನ್ನು ಗಾರ್ಡ್ ರೂಮಿನಲ್ಲಿ ಬೀಗ ಹಾಕಿದರೆ ಅಕ್ರಮ ಬಂಧನದ ಕೇಸು ನಿಮ್ಮ ಮೇಲೆ ಬರಬಹುದು. 112ಕ್ಕೆ ಫೋನ್ ಮಾಡಿ. ಗಾಡಿ ನಂಬರ್ ಬರೆದುಕೊಳ್ಳಿ. ಮಾವನ ಕೇಸಿನಲ್ಲಿ ಆ ಹುಡುಗರನ್ನು ಹಿಡಿಸಿಕೊಟ್ಟಿದ್ದು ಏಟು ಬೀಳುವ ಮೊದಲೇ ಅವರು ರಿಜಿಸ್ಟರ್‌ನಲ್ಲಿ ಬರೆದಿದ್ದ ಆ ಒಂದು ನಂಬರ್. ಜೀಪು ಬಾಡಿಗೆಯದ್ದು, ಮಾಲೀಕರ ಹತ್ತಿರ ಹುಡುಗರ ಐಡಿ ಪ್ರತಿ ಇತ್ತು.

ಈಗ ಯಾರೂ ಹೇಳದ ಭಾಗಕ್ಕೆ ಬರುತ್ತೇನೆ, ಹಣದ ವಿಷಯ. ಕೈಗೆ ಆರು ವಾರ ಪ್ಲಾಸ್ಟರ್. ಏಜೆನ್ಸಿಯವರು 'ರಜೆ ತಗೊಳ್ಳಿ, ಆದರೆ ಸಂಬಳ ಇಲ್ಲ, ಹೊಡೆದವರ ಹತ್ತಿರ ಕೇಳಿ' ಅಂದರು. ಇದು ತಪ್ಪು. ಡ್ಯೂಟಿಯಲ್ಲಿ, ಡ್ಯೂಟಿಯ ಕಾರಣಕ್ಕೆ ಬಿದ್ದ ಏಟು ಕೆಲಸದಲ್ಲಾದ ಗಾಯ. ಮೆಟ್ಟಿಲಿಂದ ಬಿದ್ದರೂ ಸರಿ, ಗೇಟು ತೆಗೆಯಲಿಲ್ಲ ಅಂತ ಯಾರೋ ಹೊಡೆದರೂ ಸರಿ, ಕೆಲಸ ಕೊಟ್ಟವರು ಪರಿಹಾರ ಕೊಡಬೇಕು. ಇದಕ್ಕೆ ಹೊಡೆದವರು ಸಿಕ್ಕಬೇಕಿಲ್ಲ, ಶಿಕ್ಷೆ ಆಗಬೇಕಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕಾರ್ಖಾನೆ ಅಥವಾ ಸಂಸ್ಥೆಯ ವಾಚ್‌ಮನ್ ಅನ್ನುವ ಪದವೇ ಇತ್ತು. 2025ರ ನವೆಂಬರ್ 21ರಿಂದ ಈ ಹಕ್ಕುಗಳೆಲ್ಲ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಮಾವನ ಗಾಯ ಅದಕ್ಕಿಂತ ಮೊದಲಿನದ್ದು, ಹಾಗಾಗಿ ಹಳೆಯ ಕಾಯ್ದೆಯ ಲೆಕ್ಕ.

ಲೆಕ್ಕ ಹೀಗೆ. ತಾತ್ಕಾಲಿಕವಾಗಿ ಕೆಲಸ ಮಾಡಲಾಗದಿದ್ದರೆ ಪ್ರತಿ ಅರ್ಧ ತಿಂಗಳಿಗೆ ತಿಂಗಳ ಸಂಬಳದ ಕಾಲು ಭಾಗ. ಮಾವನ ಸಂಬಳ 14,000, ಅಂದರೆ 15 ದಿನಕ್ಕೆ 3,500. ಜೊತೆಗೆ ಆಸ್ಪತ್ರೆಗೆ ಖರ್ಚಾದದ್ದು ಬಿಲ್ ಪ್ರಕಾರ ಪೂರ್ತಿ. ಪ್ರಾಣವೇ ಹೋದರೆ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 50 ವರ್ಷಕ್ಕೆ ಆ ಅಂಕಿ 153.09. ಸಂಬಳ 15,000 ಅಂತ ಹಿಡಿದರೆ 7,500 ಗುಣಿಸು 153.09, ಅಂದರೆ 11,48,175 ರೂಪಾಯಿ. ಏಜೆನ್ಸಿ ಕೈ ಎತ್ತಿದರೆ ಅವರನ್ನು ಇಟ್ಟುಕೊಂಡ ರೆಸಾರ್ಟ್ ಅಥವಾ ತೋಟದ ಮಾಲೀಕರಿಂದಲೇ ಕೇಳಬಹುದು, ಅವರು ಆಮೇಲೆ ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳಲಿ. ಕ್ಲೇಮ್ ಹಾಕಲು 2 ವರ್ಷ ಸಮಯ. ಕುಡಿದಿದ್ದರಿಂದಲೇ ಗಾಯವಾಯಿತು ಅಂತಾದರೆ ಈ ಹಕ್ಕು ಬಿದ್ದುಹೋಗಬಹುದು. ಚಳಿ ಅಂತ ಒಂದು ಪೆಗ್ ಹಾಕುವ ಅಭ್ಯಾಸ ನಮ್ಮ ಕಡೆ ಇದೆ, ಡ್ಯೂಟಿ ದಿನ ದಯವಿಟ್ಟು ಬೇಡ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ. 10 ಜನ ಅಥವಾ ಜಾಸ್ತಿ ಕೆಲಸಗಾರರಿದ್ದು, ಸಂಬಳ 21,000ದೊಳಗೆ ಇದ್ದರೆ ಇಎಸ್‌ಐ ಬರುತ್ತದೆ. ಕೆಲಸದ ಗಾಯಕ್ಕೆ ರಜೆಯಲ್ಲಿ ಸಂಬಳದ ಸುಮಾರು 90% ಸಿಗುತ್ತದೆ, ಚಿಕಿತ್ಸೆ ಉಚಿತ, ಕೆಲಸಕ್ಕೆ ಸೇರಿದ ಮೊದಲ ದಿನವೇ ಏಟು ಬಿದ್ದರೂ ಹಕ್ಕಿದೆ. ಇಎಸ್‌ಐ ಇದ್ದರೆ ಮೇಲಿನ ಪರಿಹಾರ ಬೇರೆಯಾಗಿ ಸಿಗುವುದಿಲ್ಲ. ಮಾವನ ಏಜೆನ್ಸಿ ಏಳೆಂಟು ಜನರದ್ದು, ಅದಕ್ಕೆ ಇಎಸ್‌ಐ ಇರಲಿಲ್ಲ. ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ, 0.75% ಇಎಸ್‌ಐಗೆ ಅಂತ ಹಿಡಿದಿದ್ದಾರಾ ಅಂತ. ಚೀಟಿಯೇ ಕೊಡುವುದಿಲ್ಲ ಅಂದರೆ ಬ್ಯಾಂಕಿಗೆ ಬಂದ ಸಂಬಳದ ದಾಖಲೆ ಇಟ್ಟುಕೊಳ್ಳಿ. ಕೆಲಸಕ್ಕೆ ಇಟ್ಟುಕೊಂಡವರಿಗೆಲ್ಲ ನೇಮಕಾತಿ ಪತ್ರ ಕೊಡಬೇಕು ಅಂತ ಹೊಸ ಕಾರ್ಮಿಕ ಸಂಹಿತೆ ಹೇಳುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಿ. ಕೈಯಲ್ಲಿ ನಗದು ಕೊಡುವ ಕಡೆ ಕೆಲಸ ಮಾಡುವವರು ಏಟು ತಿಂದಾಗ 'ಇವರು ನಮ್ಮವರೇ ಅಲ್ಲ' ಅನ್ನಿಸಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈ ಎರಡೂ ದಾರಿ, ಪೊಲೀಸ್ ಮತ್ತು ಪರಿಹಾರ, ನಿಂತಿರುವುದು ಒಂದೇ ಕಾಗದದ ಮೇಲೆ. ಏಟು ಬಿದ್ದ ರಾತ್ರಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಡ್ಯೂಟಿಯಲ್ಲಿದ್ದಾಗ ಹೊಡೆದರು ಅಂತ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆಯ ಗಾಯದ ದಾಖಲೆ, ಮಾಡಿಸಿಕೊಳ್ಳಿ. ಬಿದ್ದೆ ಅಂತ ಹೇಳಬೇಡಿ. ಮರ್ಯಾದೆಗೆ ಅಂಜಿ ಹಾಗೆ ಹೇಳಿದವರು ಇದ್ದಾರೆ, ಆ ಒಂದು ಪದ ಆಮೇಲೆ ಕೋರ್ಟಿನಲ್ಲಿ ಅವರ ವಿರುದ್ಧವೇ ನಿಲ್ಲುತ್ತದೆ. ಗಾಯದ ಪ್ರಮಾಣಪತ್ರದಲ್ಲಿ ಸಮಯ, ಗಾಯದ ಜಾಗ, ಅಳತೆ, ಸಾಧಾರಣವೋ ತೀವ್ರವೋ ಅಂತ ಬರುತ್ತದೆ. ಎಲ್ಲಿ ಊದಿದ್ದರೂ ಎಕ್ಸ್‌ರೇ ಕೇಳಿ. ಮಾವ ಮೂರು ದಿನ ತಡ ಮಾಡಿದ್ದಕ್ಕೆ ಎದುರು ವಕೀಲರು 'ಈ ಬಿರುಕು ಮನೆಯಲ್ಲಿ ಬಿದ್ದಾಗ ಆಗಿರಬಹುದು' ಅಂತ ವಾದ ಮಾಡುತ್ತಿದ್ದಾರೆ. ಆ ವಾದಕ್ಕೆ ಉತ್ತರ ಕೊಡುತ್ತಿರುವುದು ಸಿಸಿಟಿವಿ.

ಸಿಸಿಟಿವಿ ದೃಶ್ಯ ಕೆಲವೇ ವಾರದಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಹೊಸದು ಹಳೆಯದರ ಮೇಲೆ ಕೂರುತ್ತದೆ. ಮಾರನೇ ದಿನವೇ ಮ್ಯಾನೇಜರ್‌ಗೆ ಬರಹದಲ್ಲಿ ಕೊಡಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ದೃಶ್ಯ ತೆಗೆದಿಡಿ ಅಂತ. ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ವಾಟ್ಸಾಪ್ ಮಾಡಿದರೂ ಸರಿ, ದಾಖಲೆ ಉಳಿಯುತ್ತದೆ. ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು, ಅದನ್ನು ಪೊಲೀಸರು ಮಾಡಿಸುತ್ತಾರೆ. ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಆ ಫೋನನ್ನು ಮಾರಬೇಡಿ, ಅದರಿಂದ ಅಳಿಸಬೇಡಿ.

ವಕೀಲರ ಫೀಸಿಗೆ ಹೆದರುವವರಿಗೆ, 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದವರು ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರ ಮಡಿಕೇರಿಯಲ್ಲೇ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ, ಉಳಿದವರಿಗೆ ಆದಾಯದ ಮಿತಿ ಇದೆ.

ಮಾವನ ಕೇಸಿನಲ್ಲಿ 117, 126, 329 ಹಾಕಿ ಚಾರ್ಜ್‌ಶೀಟ್ ಆಗಿದೆ, ಸಾಕ್ಷಿ ವಿಚಾರಣೆ ಇನ್ನೂ ಶುರುವಾಗಿಲ್ಲ. ಏಜೆನ್ಸಿಯವರು ವಕೀಲರ ನೋಟಿಸ್ ತಲುಪಿದ ಮೇಲೆ ಆರು ವಾರದ ಪರಿಹಾರ ಮತ್ತು ಆಸ್ಪತ್ರೆ ಬಿಲ್ ಕೊಟ್ಟರು. ಹುಡುಗರ ಕಡೆಯವರು ಎರಡು ಸಲ ಮನೆಗೆ ಬಂದು, ರಾಜಿ ಮಾಡಿಕೊಳ್ಳೋಣ, ಮಕ್ಕಳ ಭವಿಷ್ಯ ಅಂದರು. ಮಾವ ಕಾಫಿ ಕೊಟ್ಟರು, ಕೂರಿಸಿ ಮಾತಾಡಿದರು. ಆದರೆ 117 ರಾಜಿಯಾಗಬೇಕಾದರೆ ಕೋರ್ಟಿನ ಒಪ್ಪಿಗೆ ಬೇಕು, ಏನಿದ್ದರೂ ಜಡ್ಜ್ ಎದುರಿಗೇ ಹೇಳೋಣ ಅಂದುಬಿಟ್ಟರು. ಸೆಪ್ಟೆಂಬರ್‌ನಿಂದ ಮತ್ತೆ ಅದೇ ಗೇಟಿಗೆ ಹೋಗುತ್ತಿದ್ದಾರೆ. ಎಡಗೈಯಲ್ಲಿ ಟಾರ್ಚ್ ಹಿಡಿಯಲು ಇನ್ನೂ ಆಗುವುದಿಲ್ಲ, ರಿಜಿಸ್ಟರ್ ಬರೆಯುವಾಗ ಅದನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ರಿಜಿಸ್ಟರ್‌ನ ಮೊದಲ ಪುಟದಲ್ಲಿ ಈಗ 112, ಠಾಣೆ, ಆಸ್ಪತ್ರೆ ಮತ್ತು 15100, ನಾಲ್ಕು ನಂಬರ್ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ರಾತ್ರಿ ಪಾಳಿಯ ಇನ್ನೊಬ್ಬ ಹುಡುಗನಿಗೂ ಅದನ್ನು ಬಾಯಿಪಾಠ ಮಾಡಿಸಿದ್ದಾರೆ.